ಒಳಗಿನಿಂದಲೂ ಕೀಲಿ ಬೇಕಾದ ಬಾಗಿಲು: ಒಂದು ಮನೆಯ ಪ್ರಕರಣ ಅಧ್ಯಯನ

ಮನೆ ಮತ್ತು ಅದರ ಬೀಗಗಳು

ಈ ಪ್ರಕರಣದ ಮನೆ ಬೆಂಗಳೂರಿನ ಒಂದು ಹಳೆಯ ಬಡಾವಣೆಯಲ್ಲಿದೆ. 30×40 ಅಡಿಯ ಸೈಟು, ನೆಲಮಹಡಿಯ ಮೇಲೆ ಎರಡು ಮಹಡಿ. ಕೆಳಗಿನ ಎರಡು ಮನೆಗಳಲ್ಲಿ ಬಾಡಿಗೆದಾರರು, ಎರಡನೇ ಮಹಡಿಯಲ್ಲಿ ಮಾಲೀಕರಾದ ನನ್ನ ಸೋದರಮಾವ, ಅತ್ತೆ, ಅವರ ಮಗಳು ಮತ್ತು ಎಂಬತ್ತು ದಾಟಿದ ನನ್ನ ಅಜ್ಜಿ. ನಾನು ಮನೆ ಕಟ್ಟಿಸುವ ಕೆಲಸದಲ್ಲಿ ಹದಿನೈದು ವರ್ಷ ಕಳೆದವನು. ಈ ಮನೆಯ ಗ್ರಿಲ್ಲುಗಳಿಗೆ ಅಳತೆ ಹಿಡಿದು ವೆಲ್ಡಿಂಗ್‌ನವನಿಗೆ ಚೀಟಿ ಬರೆದುಕೊಟ್ಟವನೂ ನಾನೇ ಆದ್ದರಿಂದ, ಮುಂದೆ ಹೇಳುವ ತಪ್ಪುಗಳಲ್ಲಿ ಕೆಲವು ನನ್ನವೂ ಹೌದು.

ನಾಲ್ಕು ವರ್ಷಗಳ ಹಿಂದೆ ದಸರಾ ರಜೆಯಲ್ಲಿ ಅದೇ ರಸ್ತೆಯ ಒಂದು ಮನೆಗೆ ಕಳ್ಳರು ಮೋರಿಯ ಪೈಪು ಹಿಡಿದು ಹತ್ತಿ, ಅಡುಗೆಮನೆಯ ಹಿಂದೆ ಪಾತ್ರೆ, ಬಟ್ಟೆ ತೊಳೆಯುವ ಯುಟಿಲಿಟಿಯಿಂದ ಒಳಗೆ ನುಗ್ಗಿ, ಒಡವೆಯನ್ನೆಲ್ಲ ಬಾಚಿಕೊಂಡು ಹೋದರು. ಆಮೇಲೆ ಒಂದು ತಿಂಗಳು ಆ ರಸ್ತೆಯಲ್ಲಿ ವೆಲ್ಡಿಂಗ್ ಸದ್ದು ನಿಲ್ಲಲಿಲ್ಲ. ಮಾವನ ಮನೆಯ ಮುಂದಿನ ಬಾಲ್ಕನಿಗೂ ಹಿಂದಿನ ಯುಟಿಲಿಟಿಗೂ ಬುಡದಿಂದ ನೆತ್ತಿಯವರೆಗೆ ಗ್ರಿಲ್ ಬಂತು. ಕಂಬಿಗಳನ್ನು ಗೋಡೆಯೊಳಗೆ ಹೂತು ಸಿಮೆಂಟು ಹಾಕಲಾಯಿತು. ತೇಗದ ಮುಂಬಾಗಿಲಿನ ಹೊರಗೆ ಒಂದು ಕಬ್ಬಿಣದ ಗ್ರಿಲ್ ಬಾಗಿಲು ನಿಂತು, ಅದಕ್ಕೆ ರಾತ್ರಿ ಒಳಗಿನಿಂದ ಬೀಗ ಜಡಿಯುವ ರೂಢಿಯಾಯಿತು. ಮೆಟ್ಟಿಲಿನ ಬುಡದ ಕೊಲ್ಯಾಪ್ಸಿಬಲ್ (ಮಡಚಿ ಸರಿಸುವ) ಗೇಟಿಗೆ ರಾತ್ರಿ 11ರಿಂದ ಬೆಳಗಿನ 5ರವರೆಗೆ ಬೀಗ. ತಾರಸಿಯ ಬಾಗಿಲಿಗೆ ಹಗಲೂ ರಾತ್ರಿಯೂ ಬೀಗ, ಏಕೆಂದರೆ ಅಲ್ಲಿ ಸೋಲಾರ್ ಹೀಟರಿನ ತಾಮ್ರದ ಪೈಪು ಇದೆ.

ಹೀಗೆ ಎರಡನೇ ಮಹಡಿಯಲ್ಲಿ ಮಲಗಿದವರು ರಸ್ತೆಗೆ ಬರಬೇಕಾದರೆ ಒಂದು ಅಗಳಿ ಸರಿಸಿ, ಎರಡು ಬೀಗ ತೆರೆಯಬೇಕಿತ್ತು. ಅಗಳಿಗೆ ಕೈ ಸಾಕು. ಬೀಗಗಳಿಗೆ ಎರಡು ಬೇರೆ ಬೇರೆ ಕೀಲಿ ಬೇಕು. ಗ್ರಿಲ್ ಹಾಕಿಸಿದ ದಿನ ನಾವು ಯಾರೂ ಈ ಲೆಕ್ಕ ಹಾಕಲಿಲ್ಲ.

ಆ ರಾತ್ರಿ

ಏಪ್ರಿಲ್ ತಿಂಗಳು, ರಾತ್ರಿ ಎರಡೂಕಾಲರ ಸುಮಾರಿಗೆ, ಮೆಟ್ಟಿಲಿನ ಕೆಳಗಿದ್ದ ಮೀಟರ್ ಬೋರ್ಡಿಗೆ ಬೆಂಕಿ ಹತ್ತಿತು. ಒಂದು ಮೀಟರಿನ ನ್ಯೂಟ್ರಲ್ ತಂತಿಯ ಸ್ಕ್ರೂ ಸಡಿಲವಾಗಿ ಬಹಳ ದಿನದಿಂದ ಬಿಸಿಯಾಗುತ್ತಿದ್ದಿರಬೇಕು, ತಂತಿಯ ಹೊದಿಕೆ ಒಂದು ಗೇಣಿನಷ್ಟು ಉದ್ದ ಕರಕಾಗಿದ್ದದ್ದು ಆಮೇಲೆ ಕಂಡಿತು. ಅಷ್ಟಕ್ಕೇ ಆಗಿದ್ದರೆ ಬೋರ್ಡು ಸುಟ್ಟು ಮುಗಿಯುತ್ತಿತ್ತು. ಆದರೆ ಅದರ ಕೆಳಗೆ ಹಳೆಯ ಪೇಪರಿನ ಕಟ್ಟುಗಳು, ಎರಡು ಸೈಕಲ್ ಟಯರು, ಬಾಡಿಗೆದಾರರೊಬ್ಬರು ಬಿಟ್ಟುಹೋದ ಫೋಮ್ ಹಾಸಿಗೆ ಇದ್ದವು. ಬೆಂಗಳೂರಿನ ಬಹುಪಾಲು ಮನೆಗಳಲ್ಲಿ ಮೆಟ್ಟಿಲಿನ ಕೆಳಗಿನ ಜಾಗವೆಂದರೆ ಉಗ್ರಾಣವೇ. ಹಾಸಿಗೆಗೆ ಕಿಡಿ ತಾಗಿದ ಮೇಲೆ ಬಂದದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ. ಆ ಕಪ್ಪು ಹೊಗೆಗೆ ಮೆಟ್ಟಿಲಿನ ಗೂಡು ಚಿಮಣಿಯಾಯಿತು. ತಾರಸಿಯ ಬಾಗಿಲು ಮುಚ್ಚಿದ್ದರಿಂದ ಹೊಗೆ ಹೊರಗೆ ಹೋಗಲಾರದೆ ಮೇಲಿನಿಂದ ಕೆಳಗೆ ತುಂಬುತ್ತ ಬಂತು.

ಮೊದಲು ಎದ್ದವರು ನೆಲಮಹಡಿಯವರು, ಹೊರಗೆ ಬಂದವರೂ ಅವರೇ. ಅವರಿಗೆ ಕಾಂಪೌಂಡಿನ ಕಡೆಗೆ ಬೇರೆ ಬಾಗಿಲಿತ್ತು. ಮೊದಲನೇ ಮಹಡಿಯವರು ಊರಿನಲ್ಲಿರಲಿಲ್ಲ. ಕೆಳಗಿನ ಕೂಗಿಗೆ ಮಾವ ಎದ್ದಾಗ ಕರೆಂಟು ಹೋಗಿತ್ತು. ಅವರು ತೇಗದ ಬಾಗಿಲು ತೆರೆದರು. ಗ್ರಿಲ್ಲಿನ ಸಂದಿನಿಂದ ಹೊಗೆ ಮುಖಕ್ಕೆ ಬಡಿಯಿತು. ಬೀಗದ ಕೀಲಿ ದೇವರ ಮನೆಯ ಪಕ್ಕದ ಮೊಳೆಯಲ್ಲಿ ಇರಬೇಕಿತ್ತು, ಇರಲಿಲ್ಲ. ಆ ದಿನ ಮಗಳು ಆಫೀಸಿನಿಂದ ತಡವಾಗಿ ಬಂದು, ಬೀಗ ಹಾಕಿ, ಕೀಲಿಯನ್ನು ತನ್ನ ಬ್ಯಾಗಿನೊಳಗೆ ಹಾಕಿಕೊಂಡು ಮಲಗಿದ್ದಳು. ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಮಾವ ಮೊಳೆ, ಫ್ರಿಜ್ಜಿನ ಮೇಲ್ಭಾಗ, ಟಿವಿಯ ಕೆಳಗಿನ ಡ್ರಾಯರು ಹುಡುಕುವಷ್ಟರಲ್ಲಿ, ತೆರೆದೇ ಇದ್ದ ತೇಗದ ಬಾಗಿಲಿನಿಂದ ಹೊಗೆ ಹಾಲಿನ ಅರ್ಧದವರೆಗೆ ಇಳಿದಿತ್ತು. ಅತ್ತೆ ಆ ಬಾಗಿಲನ್ನು ಒದ್ದು ಮುಚ್ಚಿ, ಅಜ್ಜಿಯನ್ನು ಎಬ್ಬಿಸಿ ಹಿಂದಿನ ಯುಟಿಲಿಟಿಗೆ ಕರೆದೊಯ್ದರು. ನಾಲ್ವರೂ ಅಲ್ಲಿ ಗ್ರಿಲ್ಲಿಗೆ ಮುಖ ಒತ್ತಿಕೊಂಡು ಸುಮಾರು ಇಪ್ಪತ್ತು ನಿಮಿಷ ನಿಂತರು. ಅಷ್ಟರಲ್ಲಿ ಕಂಬದ ಫ್ಯೂಸು ಹಾರಿ, ನೆಲಮಹಡಿಯವರು ಕಟ್ಟಡದ ಕೆಲಸಕ್ಕೆಂದು ಪಕ್ಕದಲ್ಲಿ ಸುರಿದಿದ್ದ ಮರಳನ್ನು ಎರಚಿ ಬೆಂಕಿಯನ್ನು ಅಡಗಿಸಿದ್ದರು. 101ಕ್ಕೆ ಹೋದ ಕರೆಗೆ ಬಂದ ಅಗ್ನಿಶಾಮಕ ಸಿಬ್ಬಂದಿ ತಾರಸಿಯ ಬಾಗಿಲಿನ ಬೀಗ ಕತ್ತರಿಸಿ ಹೊಗೆಗೆ ದಾರಿ ಮಾಡಿಕೊಟ್ಟರು. ಅಜ್ಜಿ ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಬೇರೆ ಯಾರಿಗೂ ಏನೂ ಆಗಲಿಲ್ಲ.

ಕೀಲಿ ಸಿಗದಿದ್ದುದೇ ಒಳ್ಳೆಯದಾಯಿತೇ?

ಮಾರನೆಯ ವಾರ ಪರಿಶೀಲನೆಗೆಂದು ಹೋದಾಗ ಮಾವ ಒಂದು ವಾದ ಮುಂದಿಟ್ಟರು. ಅದನ್ನು ತಳ್ಳಿಹಾಕುವುದು ನಾನು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. "ಕೀಲಿ ಕೈಗೆ ಸಿಕ್ಕಿದ್ದರೆ ನಾವು ನಾಲ್ವರೂ ಆ ಹೊಗೆಯ ಮೆಟ್ಟಿಲಿಗೇ ಇಳಿಯುತ್ತಿದ್ದೆವು, ಬೀಗವೇ ನಮ್ಮನ್ನು ಉಳಿಸಿತು" ಎಂಬುದು ಅವರ ಮಾತು. ಆ ರಾತ್ರಿಯ ಮಟ್ಟಿಗೆ ಅದು ನಿಜ. ಬೆಂಕಿಯಲ್ಲಿ ಸುಟ್ಟು ಸಾಯುವವರಿಗಿಂತ ಹೊಗೆಯಲ್ಲಿ ಉಸಿರು ಕಟ್ಟಿ ಸಾಯುವವರೇ ಹೆಚ್ಚು. ಫೋಮು, ರಬ್ಬರು, ಪಿವಿಸಿ ತಂತಿ ಉರಿದಾಗ ಏಳುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡಿನ ಜೊತೆಗೆ ಇನ್ನೂ ಹಲವು ವಿಷಾನಿಲಗಳಿರುತ್ತವೆ, ಕೆಲವು ಉಸಿರಿಗೇ ಮನುಷ್ಯನ ತಿಳಿವಳಿಕೆ ಮಂಕಾಗುತ್ತದೆ. ಮೆಟ್ಟಿಲು ಹೊಗೆಯಿಂದ ತುಂಬಿದ್ದರೆ ಬಾಗಿಲು ಮುಚ್ಚಿ, ಅದರ ಬುಡದ ಸಂದಿಗೆ ಒದ್ದೆ ಬಟ್ಟೆ ತುರುಕಿ, ಗಾಳಿಯಾಡುವ ಕಡೆಗೆ ಹೋಗಿ ನಿಲ್ಲುವುದೇ ಸರಿಯಾದ ಕ್ರಮ. ಅತ್ತೆ ಯಾರೂ ಹೇಳಿಕೊಡದೆ ಮಾಡಿದ್ದು ಅದನ್ನೇ.

ಆದರೆ ಬೆಂಕಿ ಎಲ್ಲಿ ಹತ್ತುತ್ತದೆ ಎಂಬುದನ್ನು ಆರಿಸಿಕೊಳ್ಳುವುದು ನಮ್ಮ ಕೈಯಲ್ಲಿಲ್ಲ. ಅದೇ ಬೆಂಕಿ ಅಡುಗೆಮನೆಯಲ್ಲಿ ಹತ್ತಿದ್ದರೆ, ಅಂದರೆ ಯುಟಿಲಿಟಿಗೆ ಹೋಗುವ ಏಕೈಕ ದಾರಿಯಲ್ಲಿ ಹತ್ತಿದ್ದರೆ, ಇವರು ಓಡಬೇಕಾಗಿದ್ದದ್ದು ಅದೇ ಗ್ರಿಲ್ ಬಾಗಿಲಿಗೆ; ಆಗ ಕೀಲಿ ಬ್ಯಾಗಿನೊಳಗೇ ಇರುತ್ತಿತ್ತು. ಬಾಗಿಲನ್ನು ತೆರೆಯಬೇಕೋ ಬೇಡವೋ ಎಂಬುದು ಆ ಗಳಿಗೆಯಲ್ಲಿ ಮನುಷ್ಯ ಮಾಡಬೇಕಾದ ತೀರ್ಮಾನ. ತೆರೆಯಲು ಆಗುತ್ತದೋ ಇಲ್ಲವೋ ಎಂಬುದು ಬಾಗಿಲು ಮಾಡಿಸುವಾಗಲೇ ಆಗಿಹೋಗುವ ತೀರ್ಮಾನ. ಮಾವನ ವಾದ ಎರಡನ್ನೂ ಒಂದೇ ಮಾಡಿತ್ತು.

ಇನ್ನೊಂದು ವಿಷಯವನ್ನೂ ಆ ವಾದ ಮರೆತಿತ್ತು. ಯುಟಿಲಿಟಿಯ ಗ್ರಿಲ್ಲು ಅವರಿಗೆ ಗಾಳಿ ಕೊಟ್ಟಿತೇ ಹೊರತು ದಾರಿ ಕೊಡಲಿಲ್ಲ. ಬೆಂಕಿ ಬೇಗ ಆರಿದ್ದರಿಂದ ದಾರಿ ಬೇಕಾಗಲಿಲ್ಲ, ಅಷ್ಟೆ. 2021ರ ಸೆಪ್ಟೆಂಬರ್ 21ರಂದು ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ಬೆಂಕಿ ಬಿದ್ದು ತಾಯಿ ಮಗಳು ಇಬ್ಬರು ತೀರಿಕೊಂಡದ್ದು ಈ ಊರಿನವರಿಗೆ ನೆನಪಿರುತ್ತದೆ. ಬಾಲ್ಕನಿಯವರೆಗೆ ಬಂದ ಮಹಿಳೆ ಗ್ರಿಲ್ಲಿನಿಂದಾಚೆ ಬರಲಾರದೆ ಹೋದದ್ದನ್ನು ಕೆಳಗೆ ನಿಂತ ಜನ ಕಣ್ಣಾರೆ ಕಂಡರು. ಮಾವನ ಮನೆಯ ಬಾಲ್ಕನಿಯಲ್ಲೂ ಅಂಥದೇ ಗ್ರಿಲ್ಲು, ಅಂಥದೇ ಬೆಸುಗೆ.

ಪರಿಶೀಲನೆಯಲ್ಲಿ ಕಂಡದ್ದು

ಮೊದಲು ಮಾಡಿದ ಕೆಲಸವೆಂದರೆ, ಕೀಲಿಯನ್ನು ಅದರ ಮೊಳೆಯಲ್ಲೇ ಇಟ್ಟು, ದೀಪಗಳನ್ನೆಲ್ಲ ಆರಿಸಿ, ಮಲಗುವ ಕೋಣೆಯಿಂದ ಗ್ರಿಲ್ ಬಾಗಿಲಿನಾಚೆಗೆ ಬರಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿದ್ದು. ಮಾವನಿಗೆ 1 ನಿಮಿಷ 50 ಸೆಕೆಂಡು ಬೇಕಾಯಿತು. ಅದರಲ್ಲಿ ಹೆಚ್ಚಿನ ಹೊತ್ತು ಹೋದದ್ದು ಬೀಗದ ತೂತಿಗೆ ಕೀಲಿಯನ್ನು ಸರಿಯಾಗಿ ಹಾಕುವುದಕ್ಕೆ, ಏಕೆಂದರೆ ಬೀಗ ನೇತಾಡುತ್ತಿದ್ದದ್ದು ಗ್ರಿಲ್ಲಿನ ಹೊರಮೈಯಲ್ಲಿ. ಕಂಬಿಗಳ ನಡುವೆ ಕೈ ತೂರಿಸಿ, ಬೀಗವನ್ನು ತಿರುವಿ, ಕಾಣದ ತೂತನ್ನು ಬೆರಳಿನಿಂದ ತಡವಿ ಹುಡುಕಬೇಕಿತ್ತು. ಅಜ್ಜಿಗೆ ಅದು ಆಗಲೇ ಇಲ್ಲ. ಬೆರಳಿನ ಗಂಟುಗಳು ಊದಿಕೊಂಡ ಕೈಗೆ ಆ ಬೀಗ ತಿರುಗುವುದೇ ಇಲ್ಲವೆಂಬ ಸಂಗತಿ ಅಂದಿನವರೆಗೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಜ್ಜಿಯ ವಿಚಾರದಲ್ಲಿ ಇದಕ್ಕಿಂತ ಕಸಿವಿಸಿಯ ಸಂಗತಿಯೊಂದು ಹೊರಬಿತ್ತು. ಹಗಲು ಅತ್ತೆ ತರಕಾರಿಗೋ ದೇವಸ್ಥಾನಕ್ಕೋ ಹೋಗುವಾಗ, ಅಜ್ಜಿ ಯಾರೋ ಕರೆದರೆಂದು ಬಾಗಿಲು ತೆರೆದುಬಿಟ್ಟಾರು ಎಂಬ ಭಯಕ್ಕೆ, ಗ್ರಿಲ್ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದರು. ಇದು ಆ ಒಂದು ಮನೆಯ ವಿಶೇಷವಲ್ಲ. ಒಂಟಿ ವೃದ್ಧರನ್ನು ನಂಬಿಸಿ ಮೋಸ ಮಾಡುವವರ ಸುದ್ದಿ ಓದಿದ ಯಾವ ಸೊಸೆಗೂ ಮಗಳಿಗೂ ಹೀಗೆ ಮಾಡಬೇಕೆನಿಸುವುದು ಸಹಜವೇ. ಆದರೆ ವಾರಕ್ಕೆ ನಾಲ್ಕು ದಿನ, ಒಂದೊಂದು ಗಂಟೆ, ಒಲೆಯ ಸಿಲಿಂಡರು ಇರುವ ಮನೆಯಲ್ಲಿ ಆ ಮುದುಕಿಗೆ ಹೊರಗೆ ಬರುವ ದಾರಿಯೇ ಇರುತ್ತಿರಲಿಲ್ಲ.

ನಿಯಮದ ಮಾತಿಗೆ ಬಂದರೆ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗ, ನಿರ್ಗಮನದ ಬಾಗಿಲು ಒಳಗಿರುವವರಿಗೆ ಕೀಲಿಯಿಲ್ಲದೆ ತೆರೆಯುವಂತಿರಬೇಕು ಎನ್ನುತ್ತದೆ. ಮೂರು ಮಹಡಿಯ ಸ್ವಂತ ಮನೆಗೆ ಬಂದು ಅದನ್ನು ನೋಡುವವರು ಯಾರೂ ಇಲ್ಲ. ನೋಡಿದ್ದರೂ, ಗ್ರಿಲ್ಲು ಬರುವುದು ಎಲ್ಲ ಪರಿಶೀಲನೆ ಮುಗಿದು ಗೃಹಪ್ರವೇಶವೂ ಆದ ಮೇಲೆ.

ನಮ್ಮ ಹಳೆಯ ಮನೆಗಳಲ್ಲಿ ಕಳ್ಳರ ಭಯ ಇದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಅಜ್ಜಿಯ ತವರು ಹಾಸನದ ಕಡೆಯ ಹಳ್ಳಿಯ ತೊಟ್ಟಿಮನೆ. ಅದರ ಮುಂಬಾಗಿಲಿಗೆ ಗೋಡೆಯೊಳಗಿಂದ ಎಳೆಯುವ ತೋಳುದಪ್ಪದ ಅಗಳಿ, ಹೊರಗಿನಿಂದ ನಾಲ್ಕು ಆಳು ಗುದ್ದಿದರೂ ಜಗ್ಗದು. ಒಳಗಿನಿಂದ ಒಂದು ಮಗು ಅದನ್ನು ಹಿಂದಕ್ಕೆ ತಳ್ಳಬಲ್ಲದು. ಅದಲ್ಲದೆ ಹಿತ್ತಲ ಬಾಗಿಲೊಂದು ಇದ್ದೇ ಇರುತ್ತಿತ್ತು. 30×40ರ ಸೈಟಿಗೆ ಬಂದಾಗ ಹಿತ್ತಲೂ ಹೋಯಿತು, ಅದರ ಬಾಗಿಲೂ ಹೋಯಿತು. ಅಗಳಿಯ ಜಾಗಕ್ಕೆ ಎರಡೂ ಕಡೆಯಿಂದ ಕೀಲಿ ಕೇಳುವ ಬೀಗ ಬಂತು.

ಗ್ರಿಲ್ ಬಾಗಿಲಿನ ನಿಜವಾದ ತೊಡಕು

"ಒಳಗಿನಿಂದ ಬೀಗ ಬೇಡ, ಚಿಲಕ ಸಾಕು" ಎಂದು ಹೇಳಿಬಿಡುವುದು ಸುಲಭ, ಆದರೆ ಗ್ರಿಲ್ ಬಾಗಿಲಿಗೆ ಜನ ಬೀಗ ಹಾಕುವುದಕ್ಕೆ ಕಾರಣವಿದೆ. ಮರದ ಬಾಗಿಲಿನ ಒಳಚಿಲಕ ಹೊರಗಿನವನ ಕೈಗೆ ಎಟುಕದು. ಗ್ರಿಲ್ಲಿನ ಒಳಚಿಲಕ ಎಟುಕುತ್ತದೆ. ನಾಲ್ಕು ಇಂಚಿನ ಸಂದಿನಲ್ಲಿ ತೆಳ್ಳನೆಯ ಕೈ ಮೊಳಕೈವರೆಗೆ ಒಳಗೆ ಬರುತ್ತದೆ, ಬಗ್ಗಿಸಿದ ಒಂದು ಸರಳು ಇನ್ನೂ ಎರಡು ಅಡಿ ಬರುತ್ತದೆ. ಸುರಕ್ಷತೆಯೂ ಪಾರಾಗುವ ದಾರಿಯೂ ಒಂದಕ್ಕೊಂದು ನಿಜವಾಗಿ ಎದುರಾಗುವುದು ಈ ಒಂದು ಗೇಣಿನ ಜಾಗದಲ್ಲಿ ಮಾತ್ರ. ಈ ತೊಡಕು ಇಷ್ಟೇ ಚಿಕ್ಕದು ಎಂದು ಗೊತ್ತಾದ ಮೇಲೆ ಪರಿಹಾರವೂ ಅಷ್ಟೇ ಚಿಕ್ಕದಾಗುತ್ತದೆ.

ನಾವು ಮಾಡಿದ್ದು ಇಷ್ಟು. ನೇತಾಡುವ ಬೀಗವನ್ನು ತೆಗೆದು, ಹೊರಗಿನಿಂದ ಕೀಲಿ, ಒಳಗಿನಿಂದ ಬೆರಳಿನಲ್ಲಿ ತಿರುಗಿಸುವ ಗುಬುಟು ಇರುವ ಲಾಕನ್ನು ಗ್ರಿಲ್ಲಿನ ಚೌಕಟ್ಟಿಗೆ ಬೆಸೆದ ಉಕ್ಕಿನ ಪೆಟ್ಟಿಗೆಯೊಳಗೆ ಕೂರಿಸಿದೆವು. ಲಾಕಿನ ಸುತ್ತ 18 ಇಂಚು ಅಗಲ, 24 ಇಂಚು ಎತ್ತರದ 16 ಗೇಜಿನ ತಗಡನ್ನು ಹೊರಮೈಗೆ ಬೆಸೆದು, ಉಳಿದ ಇಡೀ ಬಾಗಿಲಿಗೆ ಅರ್ಧ ಇಂಚಿನ ಕಣ್ಣಿನ ಜಾಲರಿ ಹೊದಿಸಿದೆವು. ಜಾಲರಿಯಿಂದ ಕೈಯೂ ಬರದು, ಸರಳನ್ನು ತೂರಿಸಿದರೂ ಅದನ್ನು ಆಡಿಸಲಾಗದು. ಗುಬುಟನ್ನು ಅಜ್ಜಿಯ ಕೈಯಲ್ಲೇ ತಿರುಗಿಸಿ ನೋಡಿ ಆರಿಸಲಾಯಿತು. ಅಂಗಡಿಯವನು ಮೊದಲು ತೋರಿಸಿದ ನುಣುಪಾದ ದುಂಡು ಗುಬುಟು ಅವರ ಬೆರಳಿಗೆ ಜಾರಿತು, ಚಿಟ್ಟೆಯ ರೆಕ್ಕೆಯಂಥ ಚಪ್ಪಟೆ ಗುಬುಟು ಹಿಡಿತಕ್ಕೆ ಸಿಕ್ಕಿತು. ಮತ್ತೆ ದೀಪ ಆರಿಸಿ ನೋಡಿದಾಗ ಮಾವನಿಗೆ 11 ಸೆಕೆಂಡು, ಅಜ್ಜಿಗೆ ಕೋಲಿನ ಸಹಾಯದಿಂದ ಮುಕ್ಕಾಲು ನಿಮಿಷ.

ಮನೆ ಖಾಲಿಯಿದ್ದಾಗಿನ ರಕ್ಷಣೆಯೇ ಬೇರೆ. ಬೇರೆ ಕಡೆಯಿಂದ ಒಳಗೆ ನುಗ್ಗಿದ ಕಳ್ಳ ಗುಬುಟು ತಿರುಗಿಸಿ ಮುಂಬಾಗಿಲಿನಿಂದಲೇ ಟಿವಿ ಹೊತ್ತುಕೊಂಡು ಹೋಗಬಹುದು ಎಂಬ ಮಾವನ ಆಕ್ಷೇಪ ಸರಿಯಾದದ್ದೇ. ಅದಕ್ಕಾಗಿ ಹಳೆಯ ಬೀಗವನ್ನು ಎಸೆಯಲಿಲ್ಲ: ಎಲ್ಲರೂ ಊರಿಗೆ ಹೋಗುವಾಗ ಮಾತ್ರ ಅದು ಹೊರಗಿನಿಂದ ಬೀಳುತ್ತದೆ. ಒಳಗೆ ಒಬ್ಬರಿದ್ದರೂ ಬೀಳುವಂತಿಲ್ಲ. ಅತ್ತೆ ತರಕಾರಿಗೆ ಹೋಗುವಾಗ ಈಗ ಲಾಕು ಮಾತ್ರ ಹಾಕಿಕೊಂಡು ಹೋಗುತ್ತಾರೆ, ಅಜ್ಜಿ ಬೇಕಾದರೆ ಒಳಗಿನಿಂದ ತೆರೆಯಬಲ್ಲರು; ಬಾಗಿಲ ಗಂಟೆಗೆ ಕ್ಯಾಮೆರಾ ಇಟ್ಟು, ಅದರ ಚಿತ್ರ ಸೊಸೆಯ ಮೊಬೈಲಿಗೆ ಹೋಗುವಂತೆ ಮೊಮ್ಮಗಳು ಮಾಡಿದ್ದಾಳೆ. ಆದರೂ ಅಜ್ಜಿ ಒಂದೆರಡು ಸಲ ಅಪರಿಚಿತರಿಗೆ ಬಾಗಿಲು ತೆರೆದಿದ್ದಾರೆ. ಆ ಅಪಾಯ ಪೂರ್ತಿ ಹೋಗಿಲ್ಲ. ಎರಡರಲ್ಲಿ ಇದು ಸಣ್ಣದು ಎಂಬುದು ನನ್ನ ಅಭಿಪ್ರಾಯ, ಅತ್ತೆ ಅದನ್ನು ಪೂರ್ತಿ ಒಪ್ಪಿಲ್ಲ.

ಹಿಂದಿನ ದಾರಿ

ಎರಡನೇ ದಾರಿಗೆ ಮುಂದಿನ ಬಾಲ್ಕನಿ ಒದಗಲಿಲ್ಲ. ಅದರ ಕೆಳಗೆ ನೇರ ರಸ್ತೆ, ಇಪ್ಪತ್ತು ಅಡಿಗೂ ಹೆಚ್ಚು ಆಳ. ಯುಟಿಲಿಟಿಯ ಎದುರಿಗೆ ಹಿಂದಿನ ಮನೆಯ ತಾರಸಿ ಇತ್ತು, ನಾಲ್ಕು ಅಡಿ ಕೆಳಗೆ, ಎರಡೂವರೆ ಅಡಿ ದೂರದಲ್ಲಿ. ನಿಯಮದ ಪ್ರಕಾರ ಅಷ್ಟು ಹತ್ತಿರ ಇರಬಾರದ ತಾರಸಿ ಅದು. ಈ ಊರಿನಲ್ಲಿ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಬಿಡದೆ ಕಟ್ಟಿದ್ದು ಉಪಯೋಗಕ್ಕೆ ಬಂದ ಪ್ರಸಂಗ ನನಗೆ ಗೊತ್ತಿರುವುದು ಇದೊಂದೇ.

ಗ್ರಿಲ್ಲಿನಲ್ಲಿ ಕತ್ತರಿಸಬೇಕಾದ ಕಿಂಡಿಯ ಅಳತೆಗೆ ಅಮೆರಿಕದ ವಸತಿ ನಿರ್ಮಾಣದ ಮಾದರಿ ಸಂಹಿತೆಯನ್ನು ಆಧಾರವಾಗಿ ಇಟ್ಟುಕೊಂಡೆವು. ಮಲಗುವ ಕೋಣೆಯಿಂದ ಪಾರಾಗುವ ಕಿಟಕಿಗೆ ಅದು ಕನಿಷ್ಠ 20 ಇಂಚು ಅಗಲ, 24 ಇಂಚು ಎತ್ತರ, ಒಟ್ಟು 5.7 ಚದರ ಅಡಿ ತೆರವು, ನೆಲದಿಂದ 44 ಇಂಚಿಗಿಂತ ಮೇಲೆ ಹೋಗದ ಕಟ್ಟೆ ಎಂದು ಹೇಳುತ್ತದೆ; ಅಂಥ ಕಿಟಕಿಗೆ ಕಂಬಿ ಇದ್ದರೆ ಅದು ಕೀಲಿಯಾಗಲಿ ಉಪಕರಣವಾಗಲಿ ಇಲ್ಲದೆ ಒಳಗಿನಿಂದ ತೆರೆಯಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ: 20ಕ್ಕೆ 24 ಇಂಚು ಎಂದರೆ ಸುಮಾರು 3.3 ಚದರ ಅಡಿಯಷ್ಟೇ ಆಗುತ್ತದೆ, ಆದ್ದರಿಂದ ಎರಡೂ ಕನಿಷ್ಠ ಅಳತೆಗಳನ್ನು ಒಟ್ಟಿಗೆ ಹಿಡಿದರೆ ಕಿಂಡಿ ಸಾಲದು. ನಾವು 30 ಇಂಚು ಅಗಲ, 36 ಇಂಚು ಎತ್ತರ ಕತ್ತರಿಸಿದೆವು. ಕತ್ತರಿಸಿದ ತುಂಡಿಗೇ ಮೂರು ತಿರುಗಣೆ ಬೆಸೆದು, ಹೊರಕ್ಕೆ ತೆರೆಯುವ ಪುಟ್ಟ ಬಾಗಿಲು ಮಾಡಿ, ಮೇಲೊಂದು ಕೆಳಗೊಂದು ಚಿಲಕ ಇಟ್ಟು, ಎರಡನ್ನೂ ತಗಡಿನ ಮರೆಯಲ್ಲಿ ಮುಚ್ಚಲಾಯಿತು. ಹೊರಗಿನಿಂದ ನೋಡಿದವರಿಗೆ ಗ್ರಿಲ್ಲು ಮೊದಲಿನಂತೆಯೇ ಇಡಿಯಾಗಿ ಕಾಣುತ್ತದೆ. ಒಳಗೆ ಕಟ್ಟೆ ಹತ್ತಲು ಎರಡು ಮೆಟ್ಟಿಲು, ಆಚೆ ದಾಟಲು ಗೋಡೆಗೆ ಒರಗಿಸಿದ, ಎರಡೂ ಬದಿಗೆ ಕೈಹಿಡಿ ಇರುವ ಮಡಚುವ ಉಕ್ಕಿನ ಹಲಗೆ.

ಕಬ್ಬಿಣ ಕತ್ತರಿಸುವುದಕ್ಕಿಂತ ಹಿಂದಿನ ಮನೆಯವರನ್ನು ಒಪ್ಪಿಸುವುದು ಕಷ್ಟವಾಯಿತು. "ನಿಮ್ಮ ಮನೆಗೆ ಬಂದ ಕಳ್ಳ ಆ ಹಲಗೆ ಹಾಕಿಕೊಂಡು ನಮ್ಮ ತಾರಸಿಗೆ ಬರುವುದಿಲ್ಲವೇ?" ಎಂಬ ಅವರ ಪ್ರಶ್ನೆಗೆ, ಎರಡೂವರೆ ಅಡಿ ದಾಟಲು ಕಳ್ಳನಿಗೆ ಹಲಗೆ ಬೇಕಿಲ್ಲ ಎಂದು ಉತ್ತರ ಕೊಟ್ಟದ್ದು ಜಾಣತನವಾಗಲಿಲ್ಲ, ಅವರು ಇನ್ನಷ್ಟು ಹೆದರಿದರು. ಕೊನೆಗೆ ಅತ್ತೆ ಹೋಗಿ ಮಾತಾಡಿದರು. ಅವರ ತಾರಸಿಯ ಬಾಗಿಲಿಗೆ ಒಳಗಿನಿಂದ ಗಟ್ಟಿಯಾದ ಅಗಳಿಯನ್ನು ನಮ್ಮ ಖರ್ಚಿನಲ್ಲಿ ಹಾಕಿಸಿಕೊಡುವುದು, ಅವಘಡವಾದಾಗ ಅವರೂ ನಮ್ಮ ಕಡೆಗೆ ದಾಟಬಹುದು ಎಂದು ಒಪ್ಪಂದವಾಯಿತು.

ಕಬ್ಬಿಣ ಹಾಗೇ ಬಿಟ್ಟರೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಮಳೆಗೆ ತೆರೆದ ಯುಟಿಲಿಟಿಯಲ್ಲಿ ಇನ್ನೂ ಬೇಗ. ಮಾವ ಪ್ರತಿ ಅಮಾವಾಸ್ಯೆಗೆ ಸ್ಕೂಟರು ತೊಳೆದು ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತಾರೆ. ಅದೇ ದಿನ ಮೇಲೆ ಹೋಗಿ ಆ ಪುಟ್ಟ ಬಾಗಿಲನ್ನು ಒಮ್ಮೆ ತೆರೆದು, ತಿರುಗಣೆಗೆ ಎರಡು ಹನಿ ಎಣ್ಣೆ ಬಿಟ್ಟು ಮುಚ್ಚುವುದೆಂದು ಗೊತ್ತುಮಾಡಿಕೊಂಡರು. ಕ್ಯಾಲೆಂಡರಿನಲ್ಲಿ ಬೇರೆ ತಾರೀಕು ಗುರುತು ಹಾಕಿದ್ದರೆ ಎರಡೇ ತಿಂಗಳಿಗೆ ಮರೆತುಹೋಗುತ್ತಿತ್ತು.

ಉಳಿದ ಕೆಲಸಗಳನ್ನು ಚುಟುಕಾಗಿ ಹೇಳಬಹುದು. ಮೆಟ್ಟಿಲಿನ ಕೆಳಗಿನ ಸಾಮಾನೆಲ್ಲ ಗುಜರಿಗೆ ಹೋಯಿತು. ಮೀಟರ್ ಬೋರ್ಡು ಉಕ್ಕಿನ ಪೆಟ್ಟಿಗೆ ಸೇರಿತು, ತಂತಿ ಹೊಸದಾಯಿತು. ಮೆಟ್ಟಿಲಿನ ನೆತ್ತಿಗೊಂದು, ಹಾಲಿಗೊಂದು ಬ್ಯಾಟರಿಯ ಹೊಗೆ ಅಲಾರಂ ಬಂದವು. ಹಾಲಿನದು ಒಗ್ಗರಣೆಗೂ ಕೂಗುತ್ತದೆಂದು ಅದನ್ನು ಅಡುಗೆಮನೆಯ ಬಾಗಿಲಿನಿಂದ ದೂರಕ್ಕೆ ಸರಿಸಬೇಕಾಯಿತು. ತಾರಸಿಯ ಬಾಗಿಲಿಗೆ ಬೀಗದ ಬದಲು ಒಳ ಅಗಳಿ ಬಂತು. ನೆರೆಯವರ ಅಗಳಿಯೂ ಸೇರಿ ಒಟ್ಟು ಖರ್ಚು ನಾಲ್ಕು ವರ್ಷದ ಹಿಂದೆ ಗ್ರಿಲ್ಲಿಗೆ ಸುರಿದದ್ದರ ಅರ್ಧವೂ ಆಗಲಿಲ್ಲ.

ಇನ್ನೂ ಬಗೆಹರಿಯದ್ದು

ಮೆಟ್ಟಿಲಿನ ಬುಡದ ಕೊಲ್ಯಾಪ್ಸಿಬಲ್ ಗೇಟು ಇಂದಿಗೂ ರಾತ್ರಿ 11ಕ್ಕೆ ಬೀಗ ಬೀಳುವ ಗೇಟಾಗಿಯೇ ಉಳಿದಿದೆ. ಅದು ಮೂರು ಮನೆಗೂ ಸೇರಿದ್ದು, ಮೂರು ಮನೆಯವರಿಗೂ ಒಂದೊಂದು ಕೀಲಿ. ಮಡಚುವ ಗೇಟಿನ ಪಟ್ಟಿಗಳು ಸರಿದಾಡುವುದರಿಂದ ಗ್ರಿಲ್ ಬಾಗಿಲಿಗೆ ಮಾಡಿದಂತೆ ತಗಡನ್ನಾಗಲಿ ಜಾಲರಿಯನ್ನಾಗಲಿ ಬೆಸೆಯಲಾಗದು. ಅದನ್ನು ಕಿತ್ತು, ಗುಬುಟಿನ ಲಾಕಿರುವ ಒಂಟಿ ರೆಕ್ಕೆಯ ಗೇಟು ಹಾಕೋಣವೆಂದರೆ, ಗೇಟಿನ ಒಳಗೆ ಬೈಕು ನಿಲ್ಲಿಸುವ ಮೊದಲನೇ ಮಹಡಿಯವರಿಗೆ ರೆಕ್ಕೆ ತಿರುಗುವ ಜಾಗಕ್ಕೆ ಬೈಕು ಅಡ್ಡ ಬರುತ್ತದೆ. ಬೈಕನ್ನು ಹೊರಗೆ ಬಿಟ್ಟರೆ ಪೆಟ್ರೋಲ್ ಕದಿಯುತ್ತಾರೆ ಎಂಬುದು ಅವರ ದೂರು. ಮೆಟ್ಟಿಲ ಬುಡದಲ್ಲಿ ಪೆಟ್ರೋಲ್ ಇರುವ ಬೈಕು ನಿಲ್ಲಿಸುವುದೇ ಸರಿಯಲ್ಲ ಎಂದು ನಾನು ಹೇಳಿದ ಮೇಲೆ ಮಾತು ಬೇರೆ ಕಡೆಗೆ ಹೋಯಿತು. ಸದ್ಯಕ್ಕೆ ಗೇಟಿನ ನಾಲ್ಕನೇ ಕೀಲಿಯೊಂದು ಒಳಗೋಡೆಯಲ್ಲಿ, ಹೊರಗಿನ ಕೈಗೆ ಎಟುಕದಷ್ಟು ದೂರದಲ್ಲಿ, ಕತ್ತಲೆಯಲ್ಲೂ ಮಿನುಗುವ ಟೇಪು ಸುತ್ತಿದ ಕೊಂಡಿಗೆ ಸರಪಳಿಯಿಂದ ಕಟ್ಟಿಕೊಂಡು ನೇತಾಡುತ್ತಿದೆ. ಸರಪಳಿ ಗೇಟಿನ ಬೀಗದವರೆಗೆ ಮುಟ್ಟುತ್ತದೆ, ಅದಕ್ಕಿಂತ ಆಚೆಗೆ ಹೋಗದು. ಯಾರೂ ಬ್ಯಾಗಿಗೆ ಹಾಕಿಕೊಳ್ಳುವಂತಿಲ್ಲ. ಮೊದಲನೇ ಮಹಡಿಯವರ ಬಾಡಿಗೆ ಕರಾರು ಬರುವ ಜೂನ್‌ಗೆ ಮುಗಿಯುತ್ತದೆ, ಹೊಸ ಗೇಟಿನ ಮಾತನ್ನು ಆಗ ಮತ್ತೆ ಎತ್ತುವುದೆಂದು ಮಾವ ಹೇಳಿದ್ದಾರೆ.